ಹಿಡಿ ಅಕ್ಕಿಯ ಲೆಕ್ಕ

ಭರತ ಹುಣ್ಣಿಮೆ ಹತ್ತಿರವಾದಂತೆ ನಮ್ಮ ದಾಂಡೇಲಿಯ ರಸ್ತೆಗೆ ಬೇರೆಯೇ ಒಂದು ಸದ್ದು ಬರುತ್ತದೆ. ವರ್ಷವಿಡೀ ಬಿದಿರು, ನೀಲಗಿರಿ ಹೇರಿಕೊಂಡು ಕಾಗದದ ಕಾರ್ಖಾನೆಗೆ ಬರುವ ಲಾರಿಗಳ ಗದ್ದಲಕ್ಕೆ ಒಗ್ಗಿಹೋದ ಕಿವಿಗೆ, ಆ ಕೆಲವು ದಿನ ಎತ್ತಿನ ಕೊರಳ ಗೆಜ್ಜೆಯ ಸದ್ದು ಕೇಳುತ್ತದೆ. ಧಾರವಾಡ, ಬೆಳಗಾವಿ ಕಡೆಯ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಉಳವಿಗೆ ಹೊರಟ ಜನ ಅವರು. ಜೊಯಿಡಾ ತಾಲ್ಲೂಕಿನ ದಟ್ಟ ಕಾಡಿನ ನಡುವೆ ಇರುವ ಉಳವಿಯಲ್ಲಿ ಚನ್ನಬಸವಣ್ಣನವರ ಸಮಾಧಿಯಿದೆ. ಕಬ್ಬಿಣದ ಪಟ್ಟಿಯ ಗಾಲಿ, ಕೊಲ್ಲಾರಿ ಕಟ್ಟಿದ ಗಾಡಿ, ಒಳಗೆ ಹುಲ್ಲಿನ ಮೆತ್ತೆ, ಅದರ ಮೇಲೆ ಮಕ್ಕಳು ಮುದುಕಿಯರು, ಹಿಂದೆ ತೂಗುವ ಲಾಟೀನು. ಈಗ ಟ್ರ್ಯಾಕ್ಟರು, ಬಸ್ಸು, ಕಾರುಗಳೂ ಸೇರಿಕೊಂಡಿವೆ. ಆದರೂ ಎತ್ತಿನ ಗಾಡಿ ಕಟ್ಟಿಕೊಂಡು ಹೋದರೇ ಹೋದಂತೆ ಎಂದುಕೊಂಡ ಮನೆತನಗಳು ಇನ್ನೂ ಇವೆ.

ನಾನು ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ನಮ್ಮ ಅತ್ತೆಯವರು ಅಡಿಗೆಮನೆಯ ಮೂಲೆಯಲ್ಲಿ ಒಂದು ತಗಡಿನ ಡಬ್ಬಿ ಇಟ್ಟಿದ್ದರು. ದಿನಾ ಬೆಳಿಗ್ಗೆ ಅನ್ನಕ್ಕೆ ಅಕ್ಕಿ ಅಳೆದ ಮೇಲೆ, ಅಳೆದ ಅಕ್ಕಿಯಿಂದಲೇ ಒಂದು ಹಿಡಿ ತೆಗೆದು ಆ ಡಬ್ಬಿಗೆ ಹಾಕಬೇಕು. ಡಬ್ಬಿಯ ಹಿಡಿಗೆಂದು ಬೇರೆ ಅಕ್ಕಿ ತರುವ ಹಾಗಿಲ್ಲ. "ನಮ್ಮ ಊಟದಾಗಿಂದ ತಗದರ ಅದು ಕೊಟ್ಟಂಗ. ಚೀಲದಾಗಿಂದ ತಗದರ ಬರೇ ಅಳದಂಗ" ಎನ್ನುತ್ತಿದ್ದರು. ಹೀಗೆ ವರ್ಷಪೂರ್ತಿ ಕೂಡಿದ ಅಕ್ಕಿ ಉಳವಿಯ ಗಾಡಿಗಳವರ ಊಟಕ್ಕೆ. ನಮ್ಮ ಸಾಲಿನ ಮನೆಗಳಲ್ಲೆಲ್ಲ ಇಂಥ ಡಬ್ಬಿಗಳಿದ್ದವು. ಹುಣ್ಣಿಮೆಯ ಮುಂಚೆ ಮಹಿಳಾ ಮಂಡಳಿಯವರು ಎಲ್ಲವನ್ನೂ ಒಟ್ಟುಗೂಡಿಸಿ, ಒಂದು ರಾತ್ರಿ ನಮ್ಮ ಬಯಲಿನಲ್ಲಿ ಬಿಡುವ ಗಾಡಿಗಳವರಿಗೆ ಅನ್ನ ಸಾರು ಮಾಡಿ ಬಡಿಸುತ್ತಿದ್ದೆವು.

ಈ ಡಬ್ಬಿಯ ಅಕ್ಕಿಯ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳುವುದಿದೆ. ಆದರೆ ಅದಕ್ಕೆ ಮೊದಲು ಸ್ವಲ್ಪ ಹಳೆಯ ಕಾಲಕ್ಕೆ ಹೋಗಿಬರಬೇಕು. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳಿಗೆ ಯಾವ ಮಾತನ್ನೂ ನೇರವಾಗಿ ಶುರು ಮಾಡಲು ಬರುವುದಿಲ್ಲ ಎಂದು ನೀವು ನಕ್ಕರೂ ಸರಿಯೆ.

ಒಬ್ಬ ಮನುಷ್ಯ ತಾನು ಬದುಕುವ ಸಮುದಾಯಕ್ಕೆ ಏನು ಕೊಡಬೇಕು? ಎಷ್ಟು ಕೊಟ್ಟರೆ ತೀರಿತು? ನಮ್ಮ ಹಳೆಯ ಸಾಹಿತ್ಯ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿಕೊಂಡಿದೆ. ಅದಕ್ಕೆ ಸಿಕ್ಕ ಉತ್ತರಗಳು ಮಾತ್ರ ಒಂದೇ ಅಲ್ಲ. ಮುಂಡಗೋಡದ ಪಕ್ಕದ ಶಿರಸಿ ತಾಲ್ಲೂಕಿನಲ್ಲಿ ಬನವಾಸಿಯಿದೆ. ಕದಂಬರ ರಾಜಧಾನಿಯಾಗಿದ್ದ ಊರು. ಪಂಪ ತನ್ನ 'ವಿಕ್ರಮಾರ್ಜುನ ವಿಜಯ'ದಲ್ಲಿ ಹಂಬಲಿಸಿ ನೆನೆದದ್ದು ಈ ಬನವಾಸಿ ನಾಡನ್ನೇ. ಅವನು ಆ ಕಾವ್ಯ ಬರೆದದ್ದು 941ರಲ್ಲಿ. ವೇಮುಲವಾಡದ ಅರಿಕೇಸರಿ ಅವನ ದೊರೆ. ಆ ಕಾಲದ ಕನ್ನಡದಲ್ಲಿ 'ಜೋಳದ ಪಾಳಿ' ಎಂಬ ಒಂದು ಮಾತಿತ್ತು. ಒಡೆಯನ ಜೋಳ ಉಂಡವನು ಆ ಋಣವನ್ನು ತೀರಿಸಬೇಕು, ಬೇಕಾದರೆ ಪ್ರಾಣ ಕೊಟ್ಟಾದರೂ ತೀರಿಸಬೇಕು ಎಂಬ ಕಟ್ಟಳೆ. ಜೋಳದ ರೊಟ್ಟಿ ತಿಂದು ಬೆಳೆದ ನಮ್ಮ ಕಡೆಯವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಪಂಪನ ಕರ್ಣ ಈ ಋಣಕ್ಕೆ ಸಿಕ್ಕಿಬಿದ್ದವನು. ಕೃಷ್ಣ ಬಂದು ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ. ಪಾಂಡವರಿಗೆಲ್ಲ ಹಿರಿಯ ನೀನು, ರಾಜ್ಯ ನಿನ್ನದು ಎನ್ನುತ್ತಾನೆ. ಹೆತ್ತ ತಾಯಿ ಕುಂತಿಯೂ ಬರುತ್ತಾಳೆ. ಕರ್ಣ ಒಪ್ಪುವುದಿಲ್ಲ. ಯಾರೂ ಕೈಹಿಡಿಯದ ಹೊತ್ತಿನಲ್ಲಿ ಕೈಹಿಡಿದ ದುರ್ಯೋಧನನನ್ನು ಯುದ್ಧದ ಬಾಗಿಲಲ್ಲಿ ಬಿಟ್ಟು ಬರುವುದು ಅವನಿಂದಾಗದು. ಈ ಭಾಗ ಕಲಿಸುವಾಗಲೆಲ್ಲ ತರಗತಿ ನಿಶ್ಶಬ್ದವಾಗುತ್ತಿತ್ತು. ಒಂದು ವರ್ಷ ಒಬ್ಬ ಹುಡುಗಿ ಎದ್ದು ಕೇಳಿದಳು: "ಟೀಚರ್, ದುರ್ಯೋಧನ ಮಾಡೂದು ತಪ್ಪಂತ ಕರ್ಣಗ ಗೊತ್ತಿತ್ತಲ್ರೀ? ಅನ್ನ ಹಾಕಿದಾವ ತಪ್ಪು ಮಾಡಿದರ ಅನ್ನ ಉಂಡಾವ ಸುಮ್ಮನ ಇರಬೇಕೇನ್ರೀ?" ನಾನು ಆ ದಿನ ಗಂಟೆ ಹೊಡೆಯಿತೆಂಬ ನೆಪದಲ್ಲಿ ತಪ್ಪಿಸಿಕೊಂಡೆ. ಜೋಳದ ಪಾಳಿಯ ದೊಡ್ಡ ತೊಡಕೇ ಅದು. ಅಲ್ಲಿ ಋಣವಿರುವುದು ಒಬ್ಬ ಒಡೆಯನಿಗೆ. ಆ ಜೋಳ ಬೆಳೆದ ಒಕ್ಕಲಿಗನಿಗೆ, ಬೀಸಿದ ಹೆಂಗಸಿಗೆ, ಯುದ್ಧದಲ್ಲಿ ಸುಟ್ಟುಹೋಗುವ ಊರಿಗೆ ಏನು ಸಲ್ಲಬೇಕು ಎಂಬುದು ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ಊರಿಗೆ ಸಂದ ಋಣವನ್ನು ನೋಡಬೇಕಾದರೆ ಕಾವ್ಯ ಬಿಟ್ಟು ಕಲ್ಲುಗಳ ಬಳಿಗೆ ಹೋಗಬೇಕು. ನಮ್ಮ ಜಿಲ್ಲೆಯಲ್ಲಿ ದೇವಸ್ಥಾನದ ಹಿಂದೆ, ಕೆರೆಯ ದಂಡೆಯಲ್ಲಿ ವೀರಗಲ್ಲುಗಳು ನಿಂತಿರುತ್ತವೆ. ಸಾಮಾನ್ಯವಾಗಿ ಮೂರು ಅಂಕಣ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ದೇವರ ಸನ್ನಿಧಿ. ಅನೇಕ ಕಲ್ಲುಗಳಲ್ಲಿ ಕೆಳಗಿನ ಅಂಕಣದಲ್ಲಿ ಹಸುಗಳೂ ಇರುತ್ತವೆ. ಊರಿನ ತುರುಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವನ ಕಲ್ಲು ಅದು. ಎಷ್ಟೋ ಸಲ ಅವನು ರಾಜನೂ ಅಲ್ಲ, ದಂಡನಾಯಕನೂ ಅಲ್ಲ, ಊರಿನ ಒಬ್ಬ ಸಾಮಾನ್ಯ ಮನುಷ್ಯ. ಊರು ಅವನನ್ನು ಮರೆಯಲಿಲ್ಲ, ಕಲ್ಲು ನಿಲ್ಲಿಸಿತು.

ಅವನ ಪಕ್ಕದಲ್ಲೇ ಕೆಲವೆಡೆ ಇನ್ನೊಂದು ಬಗೆಯ ಕಲ್ಲಿರುತ್ತದೆ. ಒಂದು ಕಂಬ, ಅದರಿಂದ ಚಾಚಿದ ಬಳೆ ತೊಟ್ಟ ಒಂದು ಕೈ. ಮಾಸ್ತಿಕಲ್ಲು. ನಾವು ಹೆಂಗಸರು ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ ಮುಂದೆ ಹೋಗುತ್ತೇವೆ. ಆ ಕೈಯವಳ ಹೆಸರೇನು, ಅವಳಿಗೆ ಎಷ್ಟು ವಯಸ್ಸು, ಅವಳ ಮನಸ್ಸಿನಲ್ಲಿ ಏನಿತ್ತು ಎಂದು ಯಾರೂ ಕೇಳುವುದಿಲ್ಲ. 'ಕೆರೆಗೆ ಹಾರ'ದ ಭಾಗೀರಥಿಯ ಕಥೆ ನಿಮಗೆಲ್ಲ ಗೊತ್ತೇ ಇದೆ. ಊರ ಗೌಡ ಕೆರೆ ಕಟ್ಟಿಸಿದ, ನೀರು ಬೀಳಲಿಲ್ಲ, ಕಿರಿಯ ಸೊಸೆಯನ್ನು ಬಲಿ ಕೊಟ್ಟರು. ಊರಿನ ಎಲ್ಲರಿಗೂ ನೀರು ಬೇಕಾಗಿತ್ತು ಎಂಬುದು ನಿಜ. ಆದರೆ ಕೊಡುವುದು ಯಾರು ಎಂದು ನಿರ್ಧರಿಸುವಾಗ ಅವಳನ್ನು ಕೂಡಿಸಿ ಕೇಳಿದವರಿಲ್ಲ. ತವರಿಗೆ ಹೋಗಿ ಬಂದು, ಗೆಳತಿಯ ಮನೆಗೆ ಹೋಗಿ ಬಂದು, ಅವಳು ಸುಮ್ಮನೆ ಕೆರೆಯ ಮೆಟ್ಟಿಲು ಇಳಿದಳು. ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ 1980ರ ದಶಕದಲ್ಲಿ ಮುಳುಗಿದ ಹಳೆಯ ಸೂಪಾ ಊರಿನ ಒಬ್ಬ ಅಜ್ಜಿ, ರಾಮನಗರದಲ್ಲಿ ನೆಲೆಸಿದವರು, ಒಮ್ಮೆ ನನಗೆ ಹೇಳಿದ್ದರು: "ನಾಡಿಗೆಲ್ಲ ದೀಪ ಬಂತು, ಒಳ್ಳೇದಾತು. ನಮ್ಮ ಅಂಗಳದ ತುಳಸಿ ಕಟ್ಟಿ ಮಾತ್ರ ನೀರಾಗ ಐತಿ." ಸಮುದಾಯಕ್ಕಾಗಿ ಒಬ್ಬರು ಬಿಟ್ಟುಕೊಡಬೇಕು ಎಂಬ ನೀತಿ ಮಹಾಭಾರತದಲ್ಲೂ ಇದೆ. ಕುಲಕ್ಕಾಗಿ ಒಬ್ಬನನ್ನು, ಗ್ರಾಮಕ್ಕಾಗಿ ಕುಲವನ್ನು ಬಿಡಬೇಕು ಎನ್ನುತ್ತದೆ ಅದು. ಬಿಡುವವರ ಸಾಲಿನಲ್ಲಿ ನಿಲ್ಲುವವರು ಯಾರು ಎಂಬುದನ್ನು ಹೆಂಗಸರಾದ ನಾವು ಸ್ವಲ್ಪ ನಿಂತು ಯೋಚಿಸಬೇಕು.

ಹತ್ತನೆಯ ಶತಮಾನದಲ್ಲೇ ಹೀಗೆ ಯೋಚಿಸಿದ ಒಬ್ಬ ಹೆಣ್ಣುಮಗಳಿದ್ದಳು. ಅತ್ತಿಮಬ್ಬೆ. ದಂಡನಾಯಕ ನಾಗದೇವನಿಗೆ ಅಕ್ಕ ತಂಗಿಯರಾದ ಅತ್ತಿಮಬ್ಬೆ, ಗುಂಡಮಬ್ಬೆ ಇಬ್ಬರನ್ನೂ ಕೊಟ್ಟಿತ್ತು. ನಾಗದೇವ ಸತ್ತಾಗ ತಂಗಿ ಸಹಗಮನ ಮಾಡಿದಳು. ಅಕ್ಕ ಉಳಿದಳು, ಮಗನನ್ನು ಬೆಳೆಸಿದಳು. ಒಂದೇ ಮನೆಯ ಇಬ್ಬರು, ಒಂದೇ ದುಃಖ, ಎರಡು ದಾರಿ. ತಂಗಿಯನ್ನು ತಪ್ಪೆನ್ನಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಉಳಿದ ಅಕ್ಕ ಮಾಡಿದ ಕೆಲಸ ನೋಡಿ. ಪೊನ್ನ ಕವಿಯ 'ಶಾಂತಿಪುರಾಣ' ಕಣ್ಮರೆಯಾಗಬಾರದೆಂದು ಅದರ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಸಾವಿರದ ಐನೂರು ಜಿನಬಿಂಬಗಳನ್ನು ಮಾಡಿಸಿದಳು. ರನ್ನನಿಗೆ ಆಶ್ರಯ ಕೊಟ್ಟು 993ರಲ್ಲಿ 'ಅಜಿತಪುರಾಣ' ಬರೆಯಿಸಿದಳು. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ಅಲ್ಲಿಯ 1007ರ ಶಾಸನ ಅವಳ ಹೆಸರನ್ನು ಹೊತ್ತು ಇಂದಿಗೂ ಇದೆ.

ಕಾಗದದ ಊರಿನಲ್ಲಿರುವ ನನಗೆ ಆ ಸಾವಿರ ಪ್ರತಿಗಳ ಲೆಕ್ಕ ತಲೆಯಲ್ಲಿ ಸುತ್ತುತ್ತದೆ. ನಮ್ಮ ಮನೆಯವರು ಕಾರ್ಖಾನೆಯಲ್ಲಿದ್ದರು. ರೀಮುಗಟ್ಟಲೆ ಬಿಳಿ ಹಾಳೆ ಯಂತ್ರದಿಂದ ಸುರುಳಿಯಾಗಿ ಇಳಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅತ್ತಿಮಬ್ಬೆಯ ಕಾಲಕ್ಕೆ ಒಂದೊಂದು ಓಲೆಯನ್ನೂ ಹದ ಮಾಡಬೇಕು, ಕಬ್ಬಿಣದ ಕಂಠದಿಂದ ಅಕ್ಷರ ಕೊರೆಯಬೇಕು, ಮಸಿ ತುಂಬಬೇಕು, ತೂತು ಮಾಡಿ ದಾರ ಪೋಣಿಸಬೇಕು, ಹಲಗೆ ಕಟ್ಟಬೇಕು. ಸಾವಿರ ಸಲ. ಅದೆಷ್ಟು ಜನ ಲಿಪಿಕಾರರು ಕೂತಿರಬೇಕು, ಅವರಿಗೆಲ್ಲ ಎಷ್ಟು ದಿನ ಊಟ ಬಡಿಸಿರಬೇಕು! ವಿಧವೆಯಾದ ಒಬ್ಬ ಹೆಂಗಸು, ತಾನು ಬರೆಯದ ಒಂದು ಪುಸ್ತಕ ಮುಂದಿನವರಿಗೆ ದೊರೆಯಲೆಂದು ಇಷ್ಟು ಮಾಡಿದಳು. ಸಾಯುವುದಕ್ಕಿಂತ ಇದು ಹೆಚ್ಚು ದಿನ ಹಿಡಿಯುವ ಕೆಲಸ.

ಪಂಪನಿಂದ ಎರಡು ನೂರು ವರ್ಷ ಮುಂದೆ ಬಂದರೆ ಕಲ್ಯಾಣ. ಬಸವಣ್ಣನವರ ಮಹಾಮನೆ. ಅಲ್ಲಿ ಹುಟ್ಟಿದ ಎರಡು ಮಾತುಗಳು ಕಾಯಕ ಮತ್ತು ದಾಸೋಹ. ಇವತ್ತು ಇವು ಭಾಷಣಕಾರರ ಬಾಯಿಯಲ್ಲಿ ಸವೆದುಹೋಗಿವೆ. ಆದರೆ ಜೋಳದ ಪಾಳಿಯ ಪಕ್ಕ ಇಟ್ಟು ನೋಡಿದರೆ ಅವುಗಳ ಹೊಸತನ ಕಾಣುತ್ತದೆ. ಜೋಳದ ಪಾಳಿಯಲ್ಲಿ ಅನ್ನ ಹಾಕಿದವನು ಒಡೆಯ, ಉಂಡವನು ಆಳು. ದಾಸೋಹವೆಂದರೆ 'ನಾನು ದಾಸ' ಎಂದು ಅರ್ಥ. ಇಲ್ಲಿ ಬಡಿಸುವವನೇ ದಾಸ. ದುಡಿದು ತಂದ ಅನ್ನ ತನ್ನದೆಂದು ಹೇಳಿಕೊಳ್ಳಲು ಅವನಿಗೆ ಬಾಯಿಲ್ಲ. ಹಾಗಾಗಿ ಉಂಡವನ ತಲೆಯ ಮೇಲೆ ಒಬ್ಬ ಒಡೆಯನ ಋಣ ಕೂಡುವುದಿಲ್ಲ. ಅವನೂ ದುಡಿಯಬೇಕು, ಅವನೂ ಬಡಿಸಬೇಕು. ಋಣ ಊರಿಗೆಲ್ಲ ಹಂಚಿಹೋಗುತ್ತದೆ.

ಈ ಹೊಸ ಲೆಕ್ಕದಲ್ಲಿ ಹೆಂಗಸರಿಗೂ ಪಾಲಿತ್ತು. ಮೂವತ್ತಕ್ಕೂ ಹೆಚ್ಚು ಶರಣೆಯರು ವಚನ ಬರೆದರು. ನೂಲುವ ಕದಿರ ರೆಮ್ಮವ್ವೆ, ಭತ್ತ ಕುಟ್ಟುವ ಕೊಟ್ಟಣದ ಸೋಮವ್ವೆ ಹೀಗೆ ಅವರವರ ದುಡಿಮೆಯೇ ಅವರ ಹೆಸರಿಗೆ ಅಂಟಿಕೊಂಡಿದೆ. ಅವರಲ್ಲಿ ನನಗೆ ಹತ್ತಿರದವಳು ಆಯ್ದಕ್ಕಿ ಲಕ್ಕಮ್ಮ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಕಡೆಯವಳು. ಗಂಡ ಮಾರಯ್ಯನ ಕಾಯಕ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು. ಅದರಿಂದಲೇ ಇಬ್ಬರ ಬದುಕು, ಅದರಿಂದಲೇ ದಾಸೋಹ. ಒಂದು ದಿನ ಅಂಗಳದಲ್ಲಿ ಅಕ್ಕಿ ಹೆಚ್ಚು ಬಿದ್ದಿತ್ತು, ಅವನು ಎಂದಿಗಿಂತ ಹೆಚ್ಚು ತಂದ. ಗಂಟು ನೋಡಿದ ಕೂಡಲೇ ಲಕ್ಕಮ್ಮನಿಗೆ ತಿಳಿಯಿತು. ಇದು ನಮ್ಮ ದಿನದ ಅಳತೆಯಲ್ಲ, ಆಸೆ ಇದರಲ್ಲಿ ಸೇರಿಕೊಂಡಿದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. 'ಶೂನ್ಯಸಂಪಾದನೆ'ಯಲ್ಲಿ ಈ ಗಂಡಹೆಂಡಿರಿಗಾಗಿ ಒಂದು ಅಧ್ಯಾಯವೇ ಇದೆ.

ಮನೆಯಲ್ಲಿ ಅಕ್ಕಿ ಅಳೆಯುವವಳಿಗೆ ಮಾತ್ರ ಗಂಟಿನ ತೂಕ ನೋಡಿಯೇ ಗೊತ್ತಾಗುತ್ತದೆ. ಬಡತನದಲ್ಲಿರುವವಳು ಗಂಡ ಹೆಚ್ಚು ತಂದ ದಿನ ಸಂತೋಷಪಡುವುದು ಸಹಜ. ಲಕ್ಕಮ್ಮ ಸಂತೋಷಪಡಲಿಲ್ಲ. ಆ ಅಕ್ಕಿ ಯಾರೂ ಕೇಳದ ಅಕ್ಕಿ, ಯಾರದೂ ಅಲ್ಲದ ಅಕ್ಕಿ. ತಂದರೆ ಯಾರೂ ಬೈಯುತ್ತಿರಲಿಲ್ಲ. ಆದರೂ ಅದು ತಮ್ಮದಲ್ಲ ಎಂದು ಅವಳಿಗೆ ಗೊತ್ತಿತ್ತು.

ಈಗ ನನ್ನ ತಪ್ಪಿನ ಮಾತಿಗೆ ಬರುತ್ತೇನೆ. ಮೂವತ್ತು ವರ್ಷಗಳಾಚೆಯ ಮಾತು. ಆ ವರ್ಷ ನಮ್ಮ ಸಾಲಿನಲ್ಲಿ ಹಿಡಿ ಅಕ್ಕಿ ಚೆನ್ನಾಗಿ ಕೂಡಿತ್ತು. ಗಾಡಿಗಳು ಮಾತ್ರ ಅದೇಕೋ ಕಡಿಮೆ ಬಂದವು. ಬಡಿಸಿ ಮುಗಿದ ಮೇಲೆ ಒಂದೂವರೆ ಚೀಲ ಅಕ್ಕಿ ಉಳಿಯಿತು. ಮರುವಾರ ಮಂಡಳಿಯ ಸಭೆ. ನಾನು ಕಾರ್ಯದರ್ಶಿ, ತೊಡೆಯ ಮೇಲೆ ಲೆಕ್ಕದ ಪುಸ್ತಕ. ಅಕ್ಕಿಯನ್ನು ಅಂಗಡಿಗೆ ಕೊಟ್ಟು ಬಂದ ಹಣದಲ್ಲಿ ಮಂಡಳಿಗೊಂದು ಜಮಖಾನೆ ಕೊಂಡರೆ ಹೇಗೆ ಎಂದು ಒಬ್ಬರು ಹೇಳಿದರು. ನೆಲದ ಮೇಲೆ ಕೂತು ಎಲ್ಲರಿಗೂ ಮೊಣಕಾಲು ನೋವು ಬಂದಿತ್ತು. ಅಕ್ಕಿ ಇಟ್ಟರೆ ಹುಳ ಬೀಳುತ್ತದೆ. ಮಂಡಳಿಯೂ ಎಲ್ಲರದೇ ಅಲ್ಲವೇ? ಎಲ್ಲರೂ ತಲೆಯಾಡಿಸಿದರು.

ಬಾಗಿಲ ಬಳಿ ಕೂತಿದ್ದ ಒಬ್ಬಳು ಮಾತ್ರ ಬಾಯಿ ತೆರೆದಳು. ನಾಲ್ಕು ಮನೆಗಳ ಪಾತ್ರೆ ತಿಕ್ಕಿ ಮಕ್ಕಳನ್ನು ಸಾಕುತ್ತಿದ್ದ ಹೆಣ್ಣುಮಗಳು. ಅವಳ ಮನೆಯಲ್ಲೂ ಡಬ್ಬಿಯಿತ್ತು. "ಅಕ್ಕೋರ," ಎಂದು ನನ್ನನ್ನೇ ನೋಡಿ ಹೇಳಿದಳು, "ಹಿಡಿ ಇಡೂ ಮುಂದ ನಾವು ಜಮಖಾನಿ ಅಂತ ಇಟ್ಟಿದ್ದಿಲ್ಲರೀ. ಗಾಡಿಯವರ ಹೆಸರೀಲೆ ಇಟ್ಟಿದ್ವಿ."

ಒಂದು ಕ್ಷಣ ಯಾರೂ ಮಾತನಾಡಲಿಲ್ಲ. ಆಮೇಲೆ ಯಾರೋ ನಕ್ಕರು. "ಗಾಡಿ ಹೋದವಲ್ಲ, ಇನ್ನೇನು ಬೆನ್ನು ಹತ್ತಿ ಓಡೋದ?" ಎಂದರು. ಅವಳು ಹೇಳಿದ್ದು ಸರಿ ಎಂದು ನನಗೆ ಆಗಲೇ ಹೊಳೆದಿತ್ತು. ಆ ವಾರವೇ ತರಗತಿಯಲ್ಲಿ ಲಕ್ಕಮ್ಮನ ಪಾಠ ಮುಗಿಸಿದ್ದೆ. ಹುಡುಗಿಯರ ಕಣ್ಣಲ್ಲಿ ನೀರು ಬರುವಂತೆ ಕಲಿಸಿದ್ದೆ ಎಂಬ ಹೆಮ್ಮೆಯೂ ಇತ್ತು. ಆದರೆ ಅಲ್ಲಿ ಕೂತವರೆಲ್ಲ ನನ್ನ ನೆರೆಹೊರೆಯವರು, ನಾಳೆ ಮತ್ತೆ ಮುಖ ನೋಡಬೇಕಾದವರು. ಒಂದು ಜಮಖಾನೆಗಾಗಿ ಜಗಳವೇ ಎನ್ನಿಸಿತು. 'ಸಭೆಯ ಒಮ್ಮತದಂತೆ' ಎಂದು ಪುಸ್ತಕದಲ್ಲಿ ಬರೆದೆ. ಒಮ್ಮತವಿರಲಿಲ್ಲ. ಅದನ್ನು ಬರೆದದ್ದು ನನ್ನ ಕೈಯೇ.

ಜಮಖಾನೆ ಬಂತು. ನೀಲಿ ಪಟ್ಟಿಯ ಒಳ್ಳೆಯ ಜಮಖಾನೆ. ಅವಳು ಮತ್ತೆ ಮಂಡಳಿಗೆ ಬರಲಿಲ್ಲ. ಜಗಳವಾಡಲಿಲ್ಲ, ದಾರಿಯಲ್ಲಿ ಸಿಕ್ಕರೆ ಮುಂಚಿನಂತೆಯೇ "ಆರಾಮರೀ ಅಕ್ಕೋರ?" ಎನ್ನುತ್ತಿದ್ದಳು. ಮುಂದಿನ ಹುಣ್ಣಿಮೆಗೆ ನಾವು ಬಡಿಸುತ್ತಿರುವಾಗ ನೋಡಿದೆ. ಅವಳು ಒಂದು ಬಟ್ಟೆಯ ಗಂಟು ಹಿಡಿದು ಬಯಲಿನ ಆ ತುದಿಯಲ್ಲಿ ಬಿಟ್ಟಿದ್ದ ಒಂದು ಗಾಡಿಯ ಬಳಿ ನಿಂತಿದ್ದಳು. ಗಾಡಿಯ ಮುದುಕಿ ಸೆರಗೊಡ್ಡಿ ಅಕ್ಕಿ ಹಾಕಿಸಿಕೊಂಡಳು. ಇಬ್ಬರೂ ಏನೋ ಮಾತನಾಡಿ ನಕ್ಕರು. ಅವಳು ಬರಿಯ ಬಟ್ಟೆ ಝಾಡಿಸಿ ಮಡಚಿಕೊಂಡು ಮನೆಗೆ ಹೋದಳು.

ಮನೆಗೆ ಬಂದು ಅತ್ತೆಯವರಿಗೆ ಎಲ್ಲ ಹೇಳಿದೆ. ಅವರು ಓದು ಬಲ್ಲವರಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊಟ್ಟದ್ದು ಕಾಯೂದು ಕೊಡೂದಕ್ಕಿಂತ ದೊಡ್ಡದವ್ವಾ" ಎಂದರು. ನನಗೆ ಆಶ್ಚರ್ಯವಾಯಿತು. ಅದು ಶಾಸನಗಳ ಮಾತು. ನಮ್ಮ ನಾಡಿನ ನೂರಾರು ದಾನಶಾಸನಗಳ ಕೊನೆಯಲ್ಲಿ ಶಾಪಾಶಯದ ಸಾಲುಗಳಿರುತ್ತವೆ. ಈ ಧರ್ಮವನ್ನು ಕಾಯ್ದವನಿಗೆ ವಾರಣಾಸಿಯಲ್ಲಿ ಗೋದಾನ ಮಾಡಿದ ಪುಣ್ಯ, ಕೆಡಿಸಿದವನಿಗೆ ಗೋವುಗಳನ್ನು ಕೊಂದ ಪಾಪ ಎಂದು. ದಾನಕ್ಕಿಂತ ಅದರ ಪಾಲನೆ ಮೇಲು ಎಂಬ ಸಂಸ್ಕೃತದ ಮಾತೂ ಅಲ್ಲಿ ಬರುತ್ತದೆ. ತಾನೇ ಕೊಟ್ಟದ್ದಾಗಲಿ, ಇತರರು ಕೊಟ್ಟದ್ದಾಗಲಿ, ಅದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಎಂಬ ಎಚ್ಚರಿಕೆಯೂ ಇದೆ. ಎಷ್ಟೋ ವರ್ಷ ಇದನ್ನು ನಾನು ಬರಿಯ ಬೆದರಿಕೆಯೆಂದು ಓದಿದ್ದೆ. ಆ ರಾತ್ರಿ 'ತಾನೇ ಕೊಟ್ಟದ್ದಾಗಲಿ' ಎಂಬುದು ಚುಚ್ಚಿತು. ನಾವು ಬೇರೆಯವರ ಅಕ್ಕಿ ಕದಿಯಲಿಲ್ಲ, ನಮ್ಮದೇ ಹಿಡಿಗಳನ್ನು ಹಿಂದಕ್ಕೆ ತೆಗೆದುಕೊಂಡೆವು. ಒಂದು ಹೆಸರಿಗೆ ಇಟ್ಟ ಮೇಲೆ ಅದು ನಮ್ಮದಲ್ಲ. ಊರಿನಲ್ಲಿ ಒಬ್ಬೊಬ್ಬರ ಹೊಣೆಯೂ ಅಷ್ಟೇ: ಕೊಡುವುದು ಒಂದು, ಕೊಟ್ಟದ್ದು ಗುರಿ ಮುಟ್ಟುವವರೆಗೆ ಕಣ್ಣಿಟ್ಟು ನೋಡುವುದು ಇನ್ನೊಂದು. ಎರಡನೆಯದಕ್ಕೆ ಬಾಯಿ ಬೇಕಾಗುತ್ತದೆ.

ಉಳವಿಯ ಇತಿಹಾಸವೂ ಕಾಯ್ದುಕೊಂಡವರ ಇತಿಹಾಸವೇ. 1167-68ರ ಸುಮಾರಿಗೆ ಕಲ್ಯಾಣದಲ್ಲಿ ಬಿಜ್ಜಳನ ಕೊಲೆಯಾಗಿ ಶರಣರು ಚದುರಿದರು. ಚನ್ನಬಸವಣ್ಣನ ಜೊತೆಗೆ ಒಂದು ಗುಂಪು ವಚನಗಳ ಕಟ್ಟುಗಳನ್ನು ಹೊತ್ತು ಪಡುವಣ ಕಾಡಿನತ್ತ ಬಂತು ಎಂದು ನಮ್ಮ ಕಡೆಯ ಪರಂಪರೆ ಹೇಳುತ್ತದೆ. ಈ ಕಥೆಗಳು ನಮಗೆ ದೊರೆಯುವುದು ಹೆಚ್ಚಾಗಿ ಮುಂದಿನ ಕಾಲದ ಪುರಾಣಗಳಿಂದ ಮತ್ತು ಜನರ ನೆನಪಿನಿಂದ. ಬಸವಣ್ಣನವರ ಹೆಸರು ಹೇಳುವ ಅರ್ಜುನವಾಡದ ಶಾಸನ 1260ರದು. ಆದರೂ ದಾರಿಯುದ್ದಕ್ಕೂ ಊರುಗಳು ಆ ನೆನಪನ್ನು ಹಿಡಿದುಕೊಂಡಿವೆ. ಮಲಪ್ರಭೆಯ ದಂಡೆಯ ಎಂ.ಕೆ. ಹುಬ್ಬಳ್ಳಿಯಲ್ಲಿ ಬಸವಣ್ಣನವರ ಮಡದಿ ಗಂಗಾಂಬಿಕೆ ಐಕ್ಯಳಾದಳೆನ್ನುತ್ತಾರೆ. ಹಳಿಯಾಳದ ನೆರೆಯ ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ, ಬೆನ್ನಟ್ಟಿ ಬಂದ ಸೈನ್ಯವನ್ನು ತಡೆದು ಡೋಹರ ಕಕ್ಕಯ್ಯ ಮಡಿದನೆನ್ನುತ್ತಾರೆ. ಚರ್ಮ ಹದ ಮಾಡುತ್ತಿದ್ದವನು ಅವನು. ಉಳವಿಯಲ್ಲಿ ಮಹಾಮನೆ ಗವಿಯಿದೆ, ಚನ್ನಬಸವಣ್ಣನ ತಾಯಿ ಅಕ್ಕನಾಗಮ್ಮನ ಹೆಸರಿನ ಗವಿಯೂ ಇದೆ. ಮಗನನ್ನು ಇಲ್ಲಿ ಕಳೆದುಕೊಂಡ ಆ ತಾಯಿ ಮುಂದೆ ನಡೆದು, ತರೀಕೆರೆಯ ಬಳಿಯ ಎಣ್ಣೆಹೊಳೆಯಲ್ಲಿ ಬದುಕು ಮುಗಿಸಿದಳೆಂದು ಪ್ರತೀತಿ.

ಆ ಗವಿಯ ತಣ್ಣನೆಯ ಕತ್ತಲಲ್ಲಿ ನಿಂತಾಗಲೆಲ್ಲ ನನಗೆ ಕಟ್ಟು ಹೊತ್ತವರ ನೆನಪಾಗುತ್ತದೆ. ಮಳೆಗಾಲದ ಜೊಯಿಡಾ ಕಾಡು ಎಂದರೆ ಇಂಬಳ, ಜಿಗುಟು ಮಣ್ಣು, ಹಗಲಲ್ಲೂ ಮಬ್ಬು. ಓಲೆಗರಿಗೆ ತೇವ ತಾಗಿದರೆ ಕೆಟ್ಟಿತು, ಗೆದ್ದಲು ಹತ್ತಿದರೆ ಮುಗಿಯಿತು. ಮಕ್ಕಳು, ಪಾತ್ರೆ, ಬಟ್ಟೆಗಳ ಜೊತೆಗೆ ಆ ಕಟ್ಟುಗಳನ್ನೂ ಒಣಗಿಡುವುದು ಯಾರ ಪಾಲಿಗೆ ಬಂದಿರಬಹುದು? ಹೆಂಗಸರ ಪಾಲಿಗೇ ಬಂದಿರಬೇಕೆಂದು ನನ್ನ ಊಹೆ. ಆಮೇಲೆ ನೂರಾರು ವರ್ಷ ಮಠಗಳಲ್ಲಿ, ಮನೆಗಳ ಜಗುಲಿಯ ಮೇಲೆ, ದೇವರ ಕೋಣೆಯಲ್ಲಿ ಓಲೆಯಿಂದ ಓಲೆಗೆ ಅವು ಇಳಿದು ಬಂದವು. ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಕೂಡಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂತು. 1925ರಲ್ಲಿ ಇದ್ದ ಮನೆಯನ್ನು ಮಾರಿ ಅವರು ಹಿತಚಿಂತಕ ಮುದ್ರಣಾಲಯ ಹಾಕಿದರು. ಲಕ್ಕಮ್ಮ ನನ್ನ ತರಗತಿಗೆ ಬಂದದ್ದು ಇಷ್ಟು ಜನರ ಕೈದಾಟಿ.

ಮುಂಡಗೋಡದ ಟಿಬೆಟನ್ ಕಾಲೋನಿಗೆ ಒಮ್ಮೆ ಶಾಲೆಯ ಹುಡುಗಿಯರನ್ನು ಕರೆದುಕೊಂಡು ಹೋಗಿದ್ದೆ. 1959ರಲ್ಲಿ ತಮ್ಮ ನಾಡು ಬಿಟ್ಟು ಬಂದವರಿಗಾಗಿ 1966ರಲ್ಲಿ ಅಲ್ಲಿ ವಸತಿ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ, ಪಶ್ಚಿಮ ಬಂಗಾಳದ ಬಕ್ಸಾದಲ್ಲಿ ಆಶ್ರಯ ಪಡೆದು ಓದು ಮುಂದುವರಿಸಿದ್ದ ಸನ್ಯಾಸಿಗಳು ಬಂದು ಡ್ರೆಪುಂಗ್, ಗಾಂದೆನ್ ವಿಹಾರಗಳನ್ನು ಇಲ್ಲಿ ಮತ್ತೆ ಕಟ್ಟಿದರು. ಅಂಗಳದಲ್ಲಿ ಎಳೆಯ ಸನ್ಯಾಸಿಗಳು ಚಪ್ಪಾಳೆ ತಟ್ಟಿ ವಾದ ಮಾಡುತ್ತಿದ್ದರು. ಒಳಗೆ ಕಪಾಟಿನ ತುಂಬ ಹಳದಿ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಉದ್ದುದ್ದನೆಯ ಬಿಡಿ ಹಾಳೆಗಳ ಕಟ್ಟುಗಳು. ಆಕಾರದಲ್ಲಿ ನಮ್ಮ ಓಲೆಗರಿಯ ಕಟ್ಟುಗಳದೇ ನೆನಪು ತರುತ್ತವೆ. ಹಿಮದ ದಾರಿಯಲ್ಲಿ ಬರುವಾಗ ಊಟದ ಗಂಟು ಬಿಟ್ಟು ಇಂಥ ಕಟ್ಟು ಹೊತ್ತವರಿದ್ದಾರೆ ಎಂದು ಒಬ್ಬ ವಯಸ್ಸಾದ ಭಿಕ್ಷು ಮುರುಕು ಕನ್ನಡದಲ್ಲಿ ಹೇಳಿದರು. ನನ್ನ ಹುಡುಗಿಯರಲ್ಲಿ ಲಿಂಗಾಯತರಿದ್ದರು, ಮರಾಠರಿದ್ದರು, ಆಫ್ರಿಕೆಯ ಮೂಲದಿಂದ ಬಂದು ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಶತಮಾನಗಳಿಂದ ಬದುಕುತ್ತಿರುವ ಸಿದ್ದಿಯರಿದ್ದರು, ಜೊಯಿಡಾದ ಕುಣಬಿಯರಿದ್ದರು. ಎಂಟು ನೂರು ವರ್ಷದ ಅಂತರದಲ್ಲಿ ಇದೇ ಕಾಡಿನ ಮಗ್ಗುಲಿಗೆ ಎರಡು ಸಲ ಜನ ಪುಸ್ತಕ ಹೊತ್ತು ಬಂದಿದ್ದಾರೆ ಎಂದು ಅವರಿಗೆ ಹೇಳಿದೆ. ಅನ್ಯರ ವಿಚಾರವನ್ನೂ ಧರ್ಮವನ್ನೂ ಸೈರಿಸಿಕೊಳ್ಳುವುದೇ ನಿಜವಾದ ಸಂಪತ್ತು ಎಂದು 850ರ ಸುಮಾರಿನ 'ಕವಿರಾಜಮಾರ್ಗ' ಹೇಳಿದ್ದನ್ನೂ ನೆನಪಿಸಿದೆ. ಅವರಿಗೆ ಅಲ್ಲಿಯ ಚಹಾದಲ್ಲಿ ಉಪ್ಪು ಹಾಕುತ್ತಾರೆಂಬ ಸುದ್ದಿಯೇ ಹೆಚ್ಚು ರುಚಿಸಿತು. ಇರಲಿ, ಒಬ್ಬಿಬ್ಬರಿಗೆ ನೆನಪಿದ್ದರೂ ಸಾಕು.

ಮಂಡಳಿಯ ಕಥೆ ಮುಗಿಸಿಬಿಡುತ್ತೇನೆ. ಅವಳು ಗಾಡಿಯ ಬಳಿ ನಿಂತದ್ದನ್ನು ಕಂಡ ವರ್ಷವೇ, ಹುಣ್ಣಿಮೆಯ ನಂತರದ ಸಭೆಯಲ್ಲಿ ನಾನು ಎದ್ದು ಹೇಳಿದೆ. ಇನ್ನು ಮುಂದೆ ಉಳಿದ ಅಕ್ಕಿಯನ್ನು ಕೊನೆಯ ಗಾಡಿಯಲ್ಲಿ ಹೇರಿ ಉಳವಿಯ ದಾಸೋಹಕ್ಕೇ ಕಳಿಸಬೇಕು, ಹೋದ ವರ್ಷ ಮಾರಿದ ಅಕ್ಕಿಯಷ್ಟನ್ನು ನಾವೇ ಕೊಂಡು ಅದರ ಜೊತೆ ಸೇರಿಸಬೇಕು ಎಂದೆ. ದೊಡ್ಡ ವಾದವಾದೀತೆಂದು ಹೆದರಿದ್ದೆ. ಏನೂ ಆಗಲಿಲ್ಲ. "ಹೌದಲ್ಲ, ಹಂಗ ಮಾಡೂಣು" ಎಂದು ಎಲ್ಲರೂ ಒಪ್ಪಿದರು. ಜಮಖಾನೆಯ ಮಾತು ಎತ್ತಿದವರೇ ಎಲ್ಲರಿಗಿಂತ ಹೆಚ್ಚು ಅಕ್ಕಿ ಕೊಟ್ಟರು. ಅಷ್ಟು ಸುಲಭವಿತ್ತು ಆ ಮಾತು. ಒಂದು ವರ್ಷ ಮೊದಲೂ ಅಷ್ಟೇ ಸುಲಭವಿದ್ದಿರಬೇಕು. ನಾನು ಸುಮ್ಮನಿದ್ದುದಕ್ಕೆ ನೆರೆಹೊರೆಯವರ ಮೇಲೆ ಹೊರಿಸಿದ್ದ ಭಾರವೆಲ್ಲ ಆ ದಿನ ನನ್ನ ಮೇಲೇ ಬಿತ್ತು.

ಲೆಕ್ಕದ ಪುಸ್ತಕದ ಹಳೆಯ ಹಾಳೆಯಲ್ಲಿ 'ಒಮ್ಮತದಂತೆ' ಎಂಬ ಮಾತನ್ನು ಹೊಡೆದು, 'ಒಬ್ಬ ಸದಸ್ಯೆ ಒಪ್ಪಲಿಲ್ಲ, ಅವಳು ಹೇಳಿದ್ದು ಸರಿಯಿತ್ತು' ಎಂದು ಬರೆದು ಸಹಿ ಹಾಕಿದೆ. ಅವಳ ಮನೆಗೆ ಹೋಗಿ ಹೇಳಿದೆ ಕೂಡ. ಒಲೆಯ ಮುಂದೆ ಕೂತಿದ್ದವಳು, "ಆಗಲಿ ಬಿಡ್ರೀ ಅಕ್ಕೋರ" ಎಂದು ಮಣೆ ಹಾಕಿದಳು, ಚಹಾ ಕೊಟ್ಟಳು. ಸಭೆಗೆ ಬಾ ಎಂದೆ. ನಕ್ಕಳು. ಬರಲಿಲ್ಲ.

ಆ ಜಮಖಾನೆ ಹರಿದುಹೋಗಿ ಎಷ್ಟೋ ವರ್ಷಗಳಾದವು. ಅತ್ತೆಯವರೂ ಇಲ್ಲ. ನಮ್ಮದು ಈಗ ಇಬ್ಬರ ಮನೆ, ಒಂದು ಲೋಟ ಅಕ್ಕಿಯಲ್ಲಿ ಎರಡು ಹೊತ್ತು ಕಳೆಯುತ್ತದೆ. ಅದರಲ್ಲೇ ಒಂದು ಹಿಡಿ ತೆಗೆದು ತಗಡಿನ ಡಬ್ಬಿಗೆ ಹಾಕುತ್ತೇನೆ. ಕೈ ಮೊದಲಿಗಿಂತ ಚಿಕ್ಕದಾಗಿದೆಯೇನೋ, ಹಿಡಿಯೂ ಚಿಕ್ಕದು. ಹುಣ್ಣಿಮೆಯ ಮುಂಚೆ ಗೆಜ್ಜೆಯ ಸದ್ದು ಕೇಳಿದಾಗ ಡಬ್ಬಿಯನ್ನು ನಾನೇ ರಸ್ತೆಯವರೆಗೆ ಹೊತ್ತು, ಒಂದು ಗಾಡಿಯನ್ನು ನಿಲ್ಲಿಸಿ, ಅಕ್ಕಿ ಒಳಗೆ ಬಿತ್ತೆಂದು ನೋಡಿಕೊಂಡು ಬರುತ್ತೇನೆ.